ಪ್ರಶ್ನೋತ್ತರ: ಹತ್ತರಲ್ಲೇ ಕೂತುಬಿಟ್ಟ ನಾಬ್‌ಗಳು

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವಾಲ್ಯೂಮ್ ಮತ್ತು ಟೋನ್ ನಾಬ್‌ಗಳ ಬಗ್ಗೆಯೇ ಇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರ: ನನ್ನದು ಸ್ಟ್ರಾಟ್ ಮಾದರಿಯ ಗಿಟಾರ್. ಮೂರೂ ನಾಬ್‌ಗಳನ್ನು 10ಕ್ಕೆ ತಿರುಗಿಸಿ ಹಾಗೇ ಬಿಟ್ಟಿದ್ದೇನೆ. ಸದ್ದು ಹೆಚ್ಚುಕಡಿಮೆ ಮಾಡಲು ಆಂಪ್‌ನಲ್ಲೇ (ಆಂಪ್ಲಿಫೈಯರ್) ವಾಲ್ಯೂಮ್ ಇದೆಯಲ್ಲ, ಗಿಟಾರಿನ ಮೇಲೆ ಇನ್ನೊಂದು ಯಾಕೆ? (ಹುಬ್ಬಳ್ಳಿ)

ಉ: ಹೆಸರು ಒಂದೇ, ಕೆಲಸ ಬೇರೆ. ಆಂಪ್‌ನ ಮಾಸ್ಟರ್ ವಾಲ್ಯೂಮ್ ಸಿಗ್ನಲ್ ಹೋಗುವ ದಾರಿಯ ಕೊನೆಯಲ್ಲಿದೆ. ಡಿಸ್ಟಾರ್ಷನ್ (ಒಡೆದ, ಕರಕರ ಸದ್ದು) ಹುಟ್ಟಿ ಮುಗಿದ ಮೇಲೆ ಬಂದ ಸದ್ದನ್ನು ಅದು ಏರಿಸುತ್ತದೆ, ಇಳಿಸುತ್ತದೆ, ಅಷ್ಟೆ. ಗಿಟಾರಿನ ನಾಬ್ ಇರುವುದು ದಾರಿಯ ಮೊದಲಲ್ಲಿ. ಆಂಪ್‌ನ ಗೇನ್ ಹಂತಕ್ಕೆ (ಸಿಗ್ನಲ್ ಹಿಗ್ಗಿಸಿ ಸದ್ದು ಒಡೆಯಿಸುವ ಭಾಗ) ಎಷ್ಟು ಬಲವಾದ ಸಿಗ್ನಲ್ ತಲುಪಬೇಕು ಎಂಬುದನ್ನು ತೀರ್ಮಾನಿಸುವುದು ಅದೇ. ಹಾಗಾಗಿ ಓವರ್‌ಡ್ರೈವ್ ಹಾಕಿಕೊಂಡಾಗ ಗಿಟಾರಿನ ವಾಲ್ಯೂಮ್ ಇಳಿಸಿದರೆ ಸದ್ದಿಗಿಂತ ಹೆಚ್ಚಾಗಿ ಕರಕರ ಕಡಿಮೆಯಾಗುತ್ತದೆ. ಒಂದೇ ಸೆಟ್ಟಿಂಗಿನಲ್ಲಿ ಸ್ವಚ್ಛ ಕಾರ್ಡ್, ಒರಟು ರಿದಮ್, ಸೋಲೋ ಮೂರೂ ಸಿಗುತ್ತವೆ.

ಇದಕ್ಕೆ ಆಂಪ್ ಹೊಂದಿಸುವ ಅಭ್ಯಾಸವನ್ನೇ ಬದಲಿಸಬೇಕು. ಹೆಚ್ಚಿನವರು ಗಿಟಾರನ್ನು 10ರಲ್ಲಿಟ್ಟು ಆಂಪ್ ಹೊಂದಿಸುತ್ತಾರೆ, ಆಮೇಲೆ ಗಿಟಾರಿನ ನಾಬ್‌ಗೆ ಇಳಿಯುವುದೊಂದೇ ದಾರಿ. ನೀವು ಗಿಟಾರಿನ ವಾಲ್ಯೂಮ್ 7, ಟೋನ್ 7 ಇಟ್ಟುಕೊಂಡು, ರಿದಮ್ ನುಡಿಸುತ್ತ, ಸದ್ದು ಒಡೆಯಲು ಶುರುವಾಗುವ ಜಾಗದವರೆಗೆ ಆಂಪ್‌ನ ಗೇನ್ ಏರಿಸಿ. ಟ್ರೆಬಲ್ಲನ್ನೂ (ಸದ್ದಿನ ಮೇಲಿನ, ಚೂಪಾದ ಭಾಗ) ಅಲ್ಲೇ ಸರಿಮಾಡಿಕೊಳ್ಳಿ. ಈಗ 4–5ಕ್ಕೆ ಇಳಿಸಿದರೆ ಸ್ವಚ್ಛ ಸದ್ದು, 10ಕ್ಕೆ ಏರಿಸಿದರೆ ಸೋಲೋ. ಬ್ರಿಡ್ಜ್ ಪಿಕಪ್ಪಿಗೆ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಸುರುಳಿಗಳಲ್ಲಿ ತಂತಿಯ ಬುಡದ ಕಡೆಯದು) ಹೋದಾಗ ಕಿವಿ ಚುಚ್ಚಿದರೆ ಟೋನ್ ಇಳಿಸಲು ಜಾಗವಿದೆ, ಮಂಕಾದರೆ ಏರಿಸಲೂ ಜಾಗವಿದೆ.

ಹಳೆಯ ಮಾದರಿಯ, ಎರಡು ಟ್ರಾನ್ಸಿಸ್ಟರಿನ ಫಝ್ ಪೆಡಲ್ (ಸದ್ದನ್ನು ತೀರಾ ಒರಟಾಗಿಸುವ ಪೆಡಲ್) ಇದ್ದವರಿಗೆ ಒಂದು ಎಚ್ಚರಿಕೆ. ಗಿಟಾರಿನ ವಾಲ್ಯೂಮ್ ಇಳಿಸಿದಾಗ ಆ ಪೆಡಲ್ ಎಷ್ಟು ಚೆನ್ನಾಗಿ ತಿಳಿಯಾಗುತ್ತದೆಂದರೆ ಅದಕ್ಕಾಗಿಯೇ ಅದನ್ನು ಕೊಳ್ಳುವವರಿದ್ದಾರೆ. ಆದರೆ ಗಿಟಾರಿಗೂ ಫಝ್‌ಗೂ ನಡುವೆ ಬಫರ್ (ಸಿಗ್ನಲ್ಲಿಗೆ ಬಲ ಕೊಟ್ಟು ಮುಂದೆ ಕಳಿಸುವ ಸರ್ಕ್ಯೂಟ್) ಇರುವ ಟ್ಯೂನರ್ ಕೂತರೆ ಈ ಗುಣ ಹೊರಟುಹೋಗುತ್ತದೆ. ಫಝ್ ಮೊದಲು, ಟ್ಯೂನರ್ ಆಮೇಲೆ.

ಪ್ರ: ವಾಲ್ಯೂಮ್ 6ಕ್ಕೆ ಇಳಿಸಿದ ಕೂಡಲೇ ಸದ್ದಿಗೆ ಕಂಬಳಿ ಹೊದಿಸಿದ ಹಾಗಾಗುತ್ತದೆ. ಟ್ರೆಬಲ್ ಎಲ್ಲಿ ಹೋಗುತ್ತದೆ? (ಮೈಸೂರು, ಪುಣೆ, ದಾವಣಗೆರೆ)

ಉ: ಕೇಬಲ್ಲಿನೊಳಗೆ ಸೋರಿಹೋಗುತ್ತದೆ. ಗಿಟಾರ್ ಕೇಬಲ್ಲಿನ ಒಳವಯರ್ ಮತ್ತು ಸುತ್ತಿನ ಜಾಲರಿ ಸೇರಿ ಒಂದು ಕೆಪಾಸಿಟರ್ ಆಗುತ್ತವೆ, ಸಾಮಾನ್ಯವಾಗಿ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು. 6 ಮೀಟರ್ ಕೇಬಲ್ ಎಂದರೆ ಸುಮಾರು 600. ವಾಲ್ಯೂಮ್ ಪೂರ್ತಿ ತೆರೆದಿದ್ದಾಗ ಇದರ ಪೆಟ್ಟು ಅಷ್ಟು ತಿಳಿಯದು. ಇಳಿಸಿದಾಗ ಪಾಟ್‌ನ (ನಾಬ್ ಕೆಳಗಿರುವ, ತಿರುಗಿಸಿ ಬದಲಿಸುವ ರೆಸಿಸ್ಟರ್) ರೆಸಿಸ್ಟೆನ್ಸ್ ಪಿಕಪ್ಪಿಗೂ ಕೇಬಲ್ಲಿಗೂ ನಡುವೆ ಬರುತ್ತದೆ. ರೆಸಿಸ್ಟರ್ ಮುಂದೆ, ಗ್ರೌಂಡಿಗೆ ಕೆಪಾಸಿಟರ್: ಅದೇ ಟ್ರೆಬಲ್ ಕತ್ತರಿಸುವ ಫಿಲ್ಟರ್. 500ಕೆ (5 ಲಕ್ಷ ಓಂ) ಪಾಟ್ ವೋಲ್ಟೇಜನ್ನು ಅರ್ಧಕ್ಕೆ ಇಳಿಸುವ ಜಾಗದಲ್ಲಿ ಈ ನಡುವಿನ ರೆಸಿಸ್ಟೆನ್ಸ್ 125ಕೆ ತಲುಪುತ್ತದೆ. 600 ಪಿಕೋಫ್ಯಾರಡ್ ಜೊತೆ ಲೆಕ್ಕ ಹಾಕಿದರೆ ಸುಮಾರು 2100 ಹರ್ಟ್ಸ್‌ನಿಂದಲೇ ಮೇಲಿನದು ಇಳಿಯತೊಡಗುತ್ತದೆ. 250ಕೆ ಪಾಟ್‌ನಲ್ಲಿ ಅದು 4200ರ ಸುಮಾರು. 500ಕೆ ಪಾಟ್ ಇರುವ ಹಂಬಕರ್ (ಎರಡು ಸುರುಳಿಯ ಪಿಕಪ್) ಗಿಟಾರಿನವರೇ ಈ ದೂರನ್ನು ಹೆಚ್ಚು ಹೇಳುವುದಕ್ಕೆ ಇದೇ ಕಾರಣ.

ಮೊದಲು ಖರ್ಚಿಲ್ಲದ ದಾರಿ ನೋಡಿ. ಗಿಟಾರಿನಿಂದ ಮೊದಲ ಬಫರ್ ಪೆಡಲ್‌ವರೆಗೆ 3 ಮೀಟರ್ ಕೇಬಲ್ ಸಾಕು. ಅಲ್ಲಿಂದ ಮುಂದೆ ಆಂಪ್‌ವರೆಗೆ ಕೇಬಲ್ ಉದ್ದವಿದ್ದರೂ ತೊಂದರೆಯಿಲ್ಲ. ಅರ್ಧದಷ್ಟು ಸಮಸ್ಯೆ ಇಲ್ಲೇ ಮುಗಿಯುತ್ತದೆ.

ಸಾಲದಿದ್ದರೆ ಟ್ರೆಬಲ್ ಬ್ಲೀಡ್ (ಟ್ರೆಬಲ್ಲಿಗೆ ಪಾಟ್ ತಪ್ಪಿಸಿ ಹೋಗುವ ಅಡ್ಡದಾರಿ) ಹಾಕಬಹುದು. ವಾಲ್ಯೂಮ್ ಪಾಟ್‌ಗೆ ಮೂರು ಕಾಲು: ಒಂದಕ್ಕೆ ಪಿಕಪ್ ಕಡೆಯ ವಯರ್ ಬರುತ್ತದೆ, ನಡುವಿನದು ಜ್ಯಾಕ್‌ಗೆ ಹೋಗುತ್ತದೆ, ಮೂರನೆಯದನ್ನು (ಗ್ರೌಂಡ್ ಕಾಲು) ಬಗ್ಗಿಸಿ ಪಾಟ್‌ನ ಬೆನ್ನಿಗೆ ಬೆಸೆದಿರುತ್ತಾರೆ. ಪಿಕಪ್ ಕಾಲಿಗೂ ನಡುವಿನ ಕಾಲಿಗೂ ನಡುವೆ ಒಂದು ಸಣ್ಣ ಕೆಪಾಸಿಟರ್, ಅವೇ ಎರಡು ಕಾಲುಗಳ ನಡುವೆ ಅದರ ಪಕ್ಕದಲ್ಲೇ (ಪ್ಯಾರಲಲ್ ಆಗಿ) ಒಂದು ರೆಸಿಸ್ಟರ್. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಮತ್ತು 250ಕೆ ಇದ್ದರೆ 1000 ಪಿಕೋಫ್ಯಾರಡ್ (ಮೈಮೇಲೆ 102 ಎಂದಿರುತ್ತದೆ), 150ಕೆ ರೆಸಿಸ್ಟರ್. ಹಂಬಕರ್ ಮತ್ತು 500ಕೆ ಇದ್ದರೆ 680 ಪಿಕೋಫ್ಯಾರಡ್ (681), ಅದೇ 150ಕೆ. 0.25 ವ್ಯಾಟ್ ರೆಸಿಸ್ಟರ್ ಧಾರಾಳವಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡೂ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಕೆಪಾಸಿಟರ್ ಒಂದನ್ನೇ ಹಾಕಿ ರೆಸಿಸ್ಟರ್ ಬಿಟ್ಟರೆ ವಾಲ್ಯೂಮ್ 3ಕ್ಕೆ ಬರುವಷ್ಟರಲ್ಲಿ ಸದ್ದು ತಗಡು ಬಡಿದಂತಾಗುತ್ತದೆ. ರೆಸಿಸ್ಟರ್ ಹಾಕಿದರೆ ನಾಬ್‌ನ ನಡೆ ಸ್ವಲ್ಪ ಬದಲಾಗುತ್ತದೆ, ಕೆಳಗಿನ ಭಾಗದಲ್ಲಿ ಸದ್ದು ನಿಧಾನವಾಗಿ ಇಳಿಯುತ್ತದೆ. ಎರಡರಲ್ಲಿ ಇದೇ ವಾಸಿ.

ಮೂರನೆಯ ದಾರಿಗೆ ಯಾವ ಬಿಡಿಭಾಗವೂ ಬೇಡ. ಟೋನ್ ಪಾಟ್‌ಗೆ ಹೋಗುವ ವಯರನ್ನು ವಾಲ್ಯೂಮ್‌ನ ಪಿಕಪ್ ಕಾಲಿನಿಂದ ಬಿಡಿಸಿ ನಡುವಿನ ಕಾಲಿಗೆ ಬೆಸೆಯುವುದು. ಇದನ್ನು ‘50ರ ದಶಕದ ವಯರಿಂಗ್’ ಅನ್ನುತ್ತಾರೆ. ಲೆಸ್ ಪಾಲ್ ಮಾದರಿಯ ಗಿಟಾರಿನಲ್ಲಿ ತುಂಬ ಚೆನ್ನಾಗಿ ಒಪ್ಪುತ್ತದೆ. ಆದರೆ ವಾಲ್ಯೂಮ್ ಇಳಿಸಿದ ಸ್ಥಿತಿಯಲ್ಲಿ ಟೋನ್ ತಿರುಗಿಸಿದರೆ ಸದ್ದಿನ ಪ್ರಮಾಣವೂ ಅಲ್ಲಾಡುತ್ತದೆ. ಕೆಲವರಿಗೆ ಅದು ಕಿರಿಕಿರಿ.

ಇದೆಲ್ಲಕ್ಕೂ ಮೊದಲು ಒಮ್ಮೆ ಗೇನ್ ಹಾಕಿಕೊಂಡು ಕೇಳಿ. ಓವರ್‌ಡ್ರೈವ್‌ನಲ್ಲಿ ಈ ಮಂಕು ಎಷ್ಟೋ ಸಲ ಉಪಕಾರವನ್ನೇ ಮಾಡುತ್ತದೆ.

ಪ್ರ: ಟೋನ್ 0ಗೆ ಇಳಿಸಿದರೆ ಗೊಗ್ಗರು ಸದ್ದು. ಇದರಿಂದ ಯಾರಿಗೆ ಪ್ರಯೋಜನ? (ಶಿವಮೊಗ್ಗ)

ಉ: ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ಗೆ ಆಯಿತು. 1967ರ ಸುಮಾರಿಗೆ ಕ್ರೀಮ್ ತಂಡದಲ್ಲಿದ್ದಾಗ ಹಂಬಕರ್ ಗಿಟಾರಿನ ಟೋನನ್ನು ತಳಕ್ಕಿಳಿಸಿ, ಟ್ಯೂಬ್ ಆಂಪನ್ನು ಜೋರಾಗಿ ಬಿಟ್ಟು ಆತ ತೆಗೆದ ಸದ್ದಿಗೆ ‘ವುಮನ್ ಟೋನ್’ ಎಂಬ ಹೆಸರೇ ನಿಂತಿತು.

ಆ ಸದ್ದು ಬರೀ ಮಂಕಲ್ಲ, ಯಾರೋ ಮೂಗಿನಲ್ಲಿ ಹಾಡಿದಂತಿರುತ್ತದೆ. ಕಾರಣ ಇದು: ಪಿಕಪ್ ಎಂಬುದು ಒಂದು ಇಂಡಕ್ಟರ್ (ವಯರಿನ ಸುರುಳಿ). ಟೋನ್ 10ರಲ್ಲಿದ್ದಾಗ ಅದು ಕೇಬಲ್ಲಿನ ಕೆಪಾಸಿಟೆನ್ಸ್ ಜೊತೆ ಸೇರಿ 3000–4000 ಹರ್ಟ್ಸ್ ಸುತ್ತಮುತ್ತ ಒಂದು ಉಬ್ಬು ಮಾಡುತ್ತದೆ. ಗಿಟಾರಿನ ಹೊಳಪು ಇರುವುದೇ ಅಲ್ಲಿ. ಟೋನ್ ಇಳಿಸುತ್ತ ಹೋದರೆ ಮೊದಲು ಆ ಉಬ್ಬು ಕರಗುತ್ತದೆ, 3–4ರ ಹೊತ್ತಿಗೆ ಸದ್ದು ಚಪ್ಪಟೆ. ಪೂರ್ತಿ 0ಗೆ ಬಂದಾಗ ಮಾತ್ರ ಟೋನ್ ಕೆಪಾಸಿಟರ್ ನೇರವಾಗಿ ಪಿಕಪ್ ಜೊತೆ ಕೂಡಿ ಕೆಳಗೆ ಹೊಸ ಉಬ್ಬು ಏಳುತ್ತದೆ. 4 ಹೆನ್ರಿಯ ಹಂಬಕರ್, 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಸುಮಾರು 540 ಹರ್ಟ್ಸ್‌ನಲ್ಲಿ. 0 ಮತ್ತು 1ರ ನಡುವೆ ಬೆರಳಾಡಿಸಿದರೆ ಈ ಉಬ್ಬು ಎದ್ದು ಕೂತು ಮಾಡುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಕ್ಲೀನ್ ಆಂಪ್‌ನಲ್ಲಿ ಇದು ನಿಮಗೆ ಕೇಳಿದ ಗೊಗ್ಗರೇ. ಗೇನ್ ತುಂಬಿ, ಬ್ರಿಡ್ಜ್ ಪಿಕಪ್ಪಿನಲ್ಲೂ ಒಮ್ಮೆ ನೋಡಿ.

0.022 ಬದಲು 0.0047 ಹಾಕಿದರೆ ಉಬ್ಬು ಸುಮಾರು 1150 ಹರ್ಟ್ಸ್‌ಗೆ ಏರುತ್ತದೆ, ಅರ್ಧ ಒತ್ತಿಟ್ಟ ವಾ ಪೆಡಲ್ಲಿನ ಹಾಗೆ. ಟೋನ್ ನಾಬ್ ಮುಟ್ಟದವರಿಗೆ ನಾವು ಮೊದಲು ಹೇಳುವ ಬದಲಾವಣೆ ಇದೇ.

ಪ್ರ: ಎಣ್ಣೆಯಲ್ಲಿ ಅದ್ದಿದ ಕಾಗದದ ಹಳೆಯ ಕೆಪಾಸಿಟರಿಗೆ ಸಾವಿರಾರು ರೂಪಾಯಿ ಹೇಳುತ್ತಾರೆ. ಕೊಳ್ಳಲೇ? (ಬೆಂಗಳೂರು)

ಉ: ಬೇಡ. ಅಳೆದ ಮೌಲ್ಯ ಒಂದೇ ಆಗಿದ್ದರೆ ಸಾಧಾರಣ ಫಿಲ್ಮ್ ಕೆಪಾಸಿಟರಿಗೂ ಅದಕ್ಕೂ ಕಿವಿಗೆ ವ್ಯತ್ಯಾಸವಿಲ್ಲ. ಆ ದುಡ್ಡಿಗೆ ಒಳ್ಳೆಯ ಪಾಟ್ ಮತ್ತು ಚಿಕ್ಕ ಕೇಬಲ್ ಕೊಳ್ಳಿ.

ಪ್ರ: ವಾಲ್ಯೂಮ್ 10ರಿಂದ 3ರವರೆಗೆ ಏನೂ ಆಗದು, ಆಮೇಲೆ ದಿಢೀರನೆ ಮಾಯ. ಪಾಟ್ ಕೆಟ್ಟಿದೆಯೇ? (ಕಲಬುರಗಿ)

ಉ: ಕೆಟ್ಟಿಲ್ಲ, ಜಾತಿ ಬೇರೆ. ಅದು ಲೀನಿಯರ್ ಪಾಟ್ ಇರಬೇಕು, ಮೈಮೇಲೆ ಬಿ500ಕೆ ಎಂದಿರುತ್ತದೆ. ನಡುವಿಗೆ ತಿರುಗಿಸಿದಾಗ ಅದು ವೋಲ್ಟೇಜನ್ನು ಅರ್ಧ ಮಾಡುತ್ತದೆ, ಅಂದರೆ 6 ಡೆಸಿಬೆಲ್ ಇಳಿಕೆ; ಕಿವಿಗೆ ಅದು ಅಷ್ಟೇನೂ ಅಲ್ಲ. ಆಡಿಯೋ ಟೇಪರ್ ಪಾಟ್ (ಎ500ಕೆ) ನಡುವಿನಲ್ಲಿ ಶೇ 15ರಷ್ಟನ್ನೇ ಬಿಡುತ್ತದೆ, 16 ಡೆಸಿಬೆಲ್ ಇಳಿಕೆ. ಸದ್ದು ಹಂತಹಂತವಾಗಿ ಇಳಿದಂತೆ ಕೇಳಿಸುವುದು ಅದರಲ್ಲೇ.

ಹಳೆಯ ಯುರೋಪಿಯನ್ ಪಾಟ್‌ಗಳಲ್ಲಿ ಅಕ್ಷರಗಳ ಅರ್ಥ ಬೇರೆ ಇರುವುದುಂಟು, ಹಾಗಾಗಿ ಮಲ್ಟಿಮೀಟರ್ ನಂಬಿ. ನಾಬ್ ಸರಿಯಾಗಿ ನಡುವಿಗಿಟ್ಟು, ನಡುವಿನ ಕಾಲಿಗೂ ಗ್ರೌಂಡ್ ಕಾಲಿಗೂ ನಡುವೆ ಅಳೆಯಿರಿ: ಒಟ್ಟು ಮೌಲ್ಯದ ಅರ್ಧ ಬಂದರೆ ಲೀನಿಯರ್, ಶೇ 10–20 ಬಂದರೆ ಆಡಿಯೋ. ಪಾಟನ್ನು ಗಿಟಾರಿನಲ್ಲಿಟ್ಟೇ ಅಳೆದು ‘500ಕೆ ಬದಲು 7ಕೆ ತೋರಿಸುತ್ತಿದೆ’ ಎಂದು ಗಾಬರಿಯಾಗುವವರಿದ್ದಾರೆ. ಅದು ಪಿಕಪ್ಪಿನ ಸುರುಳಿಯ ರೆಸಿಸ್ಟೆನ್ಸ್. ಪಿಕಪ್ ವಯರ್ ಬಿಡಿಸಿಕೊಂಡು ಅಳೆಯಬೇಕು. 500ಕೆ ಎಂದದ್ದು 430 ತೋರಿಸಿದರೂ ಸರಿಯೇ, ಶೇ 20ರ ಏರುಪೇರು ಮಾಮೂಲು.

ಹೊಸದನ್ನು ಕೊಳ್ಳುವ ಮೊದಲು ಗಿಟಾರಿನ ತೂತು ಅಳೆಯಿರಿ. ಅಗ್ಗದ ಗಿಟಾರುಗಳ ಸಣ್ಣ ಪಾಟ್‌ಗೆ 8 ಮಿ.ಮೀ. ಸಾಕು, ಅಮೆರಿಕದ ದೊಡ್ಡ ಪಾಟ್‌ಗೆ 9.5 ಬೇಕು. ತಲೆಯ ಹಲ್ಲುಗಳೂ ಬೇರೆ: ಮೊದಲನೆಯದಕ್ಕೆ 18, ಎರಡನೆಯದಕ್ಕೆ 24. ಹಳೆಯ ನಾಬನ್ನು ಬಲವಂತವಾಗಿ ತುರುಕಿದರೆ ಸೀಳುತ್ತದೆ. ಬೆನ್ನಿಗೆ ಗ್ರೌಂಡ್ ಬೆಸೆಯುವಾಗ ಅಲ್ಲಿ ಮರಳುಕಾಗದ ಉಜ್ಜಿ, 60 ವ್ಯಾಟ್ ಐರನ್ ಬಳಸಿ. 25 ವ್ಯಾಟ್‌ನದು ಬೇಗ ಕಾಯದು, ಅದನ್ನು ಒತ್ತಿ ಹಿಡಿದುಕೊಂಡು ಕೂತಷ್ಟೂ ಒಳಗಿನ ಪಟ್ಟಿ ಸುಡುತ್ತದೆ.

ಪ್ರ: ಸ್ಟ್ರಾಟ್‌ನಲ್ಲಿ ಬ್ರಿಡ್ಜ್ ಪಿಕಪ್ ಹಾಕಿದಾಗ ಎರಡೂ ಟೋನ್ ಕೆಲಸ ಮಾಡುವುದಿಲ್ಲ. (ಹಾಸನ)

ಉ: 1954ರ ಮೂಲ ವಿನ್ಯಾಸವೇ ಹಾಗಿದೆ: ಒಂದು ಟೋನ್ ನೆಕ್ ಪಿಕಪ್ಪಿಗೆ (ಕುತ್ತಿಗೆಯ ಕಡೆಯದು), ಇನ್ನೊಂದು ನಡುವಿನದಕ್ಕೆ, ಬ್ರಿಡ್ಜ್‌ಗೆ ಏನೂ ಇಲ್ಲ. ತೀರಾ ಚೂಪಾದ ಪಿಕಪ್ಪಿಗೇ ಟೋನ್ ಇಲ್ಲದಿರುವುದು ವಿಚಿತ್ರವೇ ಸರಿ. ಪಿಕಪ್ ಆರಿಸುವ ಸ್ವಿಚ್ಚು ಎರಡು ಬದಿ ಇರುವ ತೆರೆದ ಜಾತಿಯದಾದರೆ, ಟೋನ್ ವಯರ್‌ಗಳು ಬರುವ ಬದಿಯಲ್ಲಿ ಖಾಲಿ ಬಿದ್ದಿರುವ ಬ್ರಿಡ್ಜ್ ಕಾಲಿನಿಂದ ನಡುವಿನ ಪಿಕಪ್ಪಿನ ಟೋನ್ ಕಾಲಿಗೆ ಎರಡು ಸೆಂಟಿಮೀಟರ್ ವಯರ್ ಬೆಸೆಯಿರಿ. ಒಂದೇ ಸಾಲಿನಲ್ಲಿ ಎಂಟು ಕಾಲಿರುವ ಸ್ವಿಚ್ಚಿನಲ್ಲಿ ಜಾಗ ಬೇರೆ; ಅಲ್ಲಿ ಮೀಟರಿನ ಬೀಪ್ ಹಾಕಿ ಕಾಲು ಗುರುತಿಸಿಕೊಳ್ಳಿ.

ಪ್ರ: ನಾಬ್ ತಿರುಗಿಸಿದರೆ ಚರಚರ. (ಉಡುಪಿ, ಕಾರವಾರ)

ಉ: ಕರಾವಳಿಯ ಉಪ್ಪುಗಾಳಿ, ಮೇಲೆ ಮಳೆಗಾಲದ ತೇವ. ಆದರೂ ಮೊದಲು ಪೆಡಲ್‌ಗಳನ್ನೆಲ್ಲ ಬಿಟ್ಟು ಗಿಟಾರನ್ನು ನೇರವಾಗಿ ಆಂಪ್‌ಗೆ ಹಾಕಿ ತಿರುಗಿಸಿ ನೋಡಿ. ಚರಚರ ನಿಂತುಹೋದರೆ ಪಾಟ್ ನಿರಪರಾಧಿ: ಯಾವುದೋ ಪೆಡಲ್ಲಿನ ಇನ್‌ಪುಟ್ ಕೆಪಾಸಿಟರ್ ಸೋರಿ ಡಿಸಿ ವೋಲ್ಟೇಜ್ ಹಿಂದಕ್ಕೆ ಬರುತ್ತಿದೆ.

ಚರಚರ ಉಳಿದರೆ ಪಿಕ್‌ಗಾರ್ಡ್ ಅಥವಾ ಹಿಂದಿನ ಮುಚ್ಚಳ ತೆಗೆದು, ಪಾಟ್‌ನ ಕಾಲುಗಳ ಮೇಲಿರುವ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರಿನ ಕೊಳವೆ ಇಟ್ಟು ಒಂದು ಚಿಮ್ಮು ಹೊಡೆಯಿರಿ. ಆ ತುದಿಯಿಂದ ಈ ತುದಿಗೆ 30 ಸಲ ತಿರುಗಿಸಿ, ಒಣಗಲು ಬಿಡಿ. ಬಾಗಿಲ ತಿರುಗಣಿಗೆ ಹಾಕುವ ಮಾಮೂಲಿ ಸ್ಪ್ರೇ ಬೇಡ, ಉಳಿಯುವ ಎಣ್ಣೆ ಧೂಳು ಹಿಡಿಯುತ್ತದೆ. ಎರಡು ಸಲ ತೊಳೆದರೂ ಹೋಗದಿದ್ದರೆ ಪಟ್ಟಿ ಸವೆದಿದೆ, ಬದಲಿಸಿ. ಯಾವಾಗಲೂ 10ರಲ್ಲೇ ಕೂತ ಪಾಟ್ ಬೇಗ ಚರಚರ ಅನ್ನತೊಡಗುತ್ತದೆ. ವಾರಕ್ಕೊಮ್ಮೆ ತಿರುಗಿಸುತ್ತಿದ್ದರೆ ಪಟ್ಟಿಯ ಮೇಲಿನ ಕೊಳೆ ಉಜ್ಜಿಹೋಗುತ್ತದೆ.

ಪ್ರ: ರಸಮಂಜರಿ ಕಾರ್ಯಕ್ರಮದಲ್ಲಿ ಗಿಟಾರನ್ನು ನೇರ ಮಿಕ್ಸರಿಗೆ ಹಾಕುತ್ತಾರೆ. ಟೋನ್ 10ರಲ್ಲಿದ್ದರೂ ಸದ್ದು ಸತ್ತಂತಿರುತ್ತದೆ. (ತುಮಕೂರು)

ಉ: ಮಿಕ್ಸರಿನ ಲೈನ್ ಇನ್‌ಪುಟ್ ಸಾಮಾನ್ಯವಾಗಿ 10ಕೆ ಆಸುಪಾಸು, ಗಿಟಾರಿಗೆ ಬೇಕಾದದ್ದು 10 ಲಕ್ಷ ಓಂ. ಇನ್‌ಪುಟ್‌ನ ಓಂ ಕಡಿಮೆಯಾದಷ್ಟೂ ಪಿಕಪ್ಪಿಗೆ ಭಾರ ಹೆಚ್ಚು; ಅಷ್ಟು ಭಾರ ಹೊತ್ತ ಪಿಕಪ್ಪಿನಲ್ಲಿ ಟೋನ್ ನಾಬ್‌ಗೆ ಕತ್ತರಿಸಲು ಏನೂ ಉಳಿದಿರುವುದಿಲ್ಲ. ಗಿಟಾರಿಗೂ ಮಿಕ್ಸರಿಗೂ ನಡುವೆ ಕೂರುವ ಆ್ಯಕ್ಟಿವ್ ಡಿಐ ಬಾಕ್ಸ್ ಕೇಳಿ. ಇಲ್ಲವೆಂದರೆ ಬಫರ್ ಇರುವ ಯಾವುದಾದರೂ ಪೆಡಲ್ಲನ್ನು ನಡುವೆ ಹಾಕಿ. ಪೆಡಲ್ ಆಫ್ ಆಗಿದ್ದರೂ ಬಫರ್ ಕೆಲಸ ಮಾಡುತ್ತದೆ, ಬ್ಯಾಟರಿ ಇದ್ದರೆ ಸಾಕು.

ಪ್ರ: ವೀಣೆ ಕಲಿತು ಗಿಟಾರಿಗೆ ಬಂದವಳು. ಮೀಟಿನ ಸದ್ದೇ ಕೇಳದೆ, ಪಿಟೀಲಿನ ಕಮಾನು ಎಳೆದಂತೆ ಸ್ವರ ಏಳುವುದನ್ನು ಕೇಳಿದ್ದೇನೆ. ಹೇಗೆ? (ಬೆಂಗಳೂರು)

ಉ: ವಾಲ್ಯೂಮ್ 0ರಲ್ಲಿ ಮೀಟಿ, ಆಮೇಲೆ ತೆರೆಯುವುದು. ಕಿರುಬೆರಳ ತುದಿಯನ್ನು ನಾಬ್‌ನ ಅಂಚಿಗೆ ಕೊಟ್ಟುಕೊಳ್ಳಿ. ಸ್ಟ್ರಾಟ್‌ನಲ್ಲಿ ನಾಬ್ ತಂತಿಗೆ ಹತ್ತಿರವಿರುವುದರಿಂದ ಸುಲಭ, ಲೆಸ್ ಪಾಲ್‌ನಲ್ಲಿ ಬೆರಳು ಎಟುಕುವುದೇ ಕಷ್ಟ. ಮೀಟಿದ ಕ್ಷಣ ಕಳೆದ ಮೇಲೆ ಅರ್ಧ ಸೆಕೆಂಡಿನಲ್ಲಿ 8ರವರೆಗೆ ಉರುಳಿಸಿ, ಮುಂದಿನ ಮೀಟಿಗೆ ಮೊದಲು ಮುಚ್ಚಿ. ಟೋನ್ 5ಕ್ಕಿಳಿಸಿದರೆ ಸ್ವರದ ಅಂಚು ಮೆದುವಾಗುತ್ತದೆ. 400 ಮಿಲಿಸೆಕೆಂಡಿನ ಡಿಲೇ (ಪ್ರತಿಧ್ವನಿ) ಹಾಕಿದರೆ ಮುಚ್ಚಿದಾಗಿನ ಖಾಲಿ ತುಂಬುತ್ತದೆ.

ಗಮಕವನ್ನು ಸ್ವರ ತೆರೆದ ಮೇಲೆ ಶುರುಮಾಡಿದರೆ ತಡವಾಯಿತು, ಅಷ್ಟರಲ್ಲಿ ತಂತಿಯ ಕಸುವು ಇಳಿದಿರುತ್ತದೆ. ನಾಬ್ ಮೂರರಲ್ಲಿರುವಾಗಲೇ ಎಳೆತ ಶುರುವಾಗಿರಬೇಕು. ಹೆಚ್ಚು ಗೇನ್ ಅಥವಾ ಕಂಪ್ರೆಸರ್ ಹಾಕಿಕೊಂಡರೆ ಮೆಲುಸದ್ದನ್ನೂ ಅವು ಎತ್ತಿ ಹಿಡಿಯುತ್ತವೆ, ಸ್ವರ ಏಳುವ ಬದಲು ಬಾಗಿಲು ತೆಗೆದಂತೆ ಫಕ್ಕನೆ ಬರುತ್ತದೆ. ಅಷ್ಟು ಗೇನ್ ಬೇಕೇ ಬೇಕೆಂದರೆ ಓವರ್‌ಡ್ರೈವ್ ಆದಮೇಲೆ ವಾಲ್ಯೂಮ್ ಪೆಡಲ್ ಇಟ್ಟು ಕಾಲಿನಲ್ಲಿ ತೆರೆಯಿರಿ, ಬಲಗೈಗೂ ಬಿಡುವು ಸಿಗುತ್ತದೆ.