ಒಬ್ಬ ರೋಗಿಯನ್ನು ಇಷ್ಟು ಜನ ವಿಚಾರಿಸುವುದೇಕೆ?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ, ಕಾಫಿ ತೋಟದಲ್ಲಿ ಕೆಲಸ. ನಿದ್ದೆಯೇ ಇಲ್ಲದೆ ವಿಪರೀತ ಮಾತನಾಡುವುದು, ಸಾಲ ತಂದು ಸಿಕ್ಕವರಿಗೆ ಹಂಚುವುದು ಹೆಚ್ಚಾದಾಗ ಹಾಸನದ ಆಸ್ಪತ್ರೆಯೊಂದರ ಮನೋರೋಗ ವಾರ್ಡಿಗೆ ಸೇರಿಸಿದೆವು. ವೈದ್ಯರಲ್ಲದೆ ಇನ್ನೂ ನಾಲ್ಕೈದು ಮಂದಿ ಬಂದು ಕೇಳಿದ್ದನ್ನೇ ಕೇಳುತ್ತಾರೆ. ಔಷಧಿ ಬರೆಯುವವರು ವೈದ್ಯರೇ ಆಗಿರುವಾಗ ಉಳಿದವರು ಯಾಕೆ? ಮನೆಗೆ ಕರೆತರುವ ಮೊದಲು ನಾವು ಏನನ್ನು ಕೇಳಿಕೊಳ್ಳಬೇಕು?
— ಓದುಗರು, ಸಕಲೇಶಪುರ

ಉತ್ತರ: ದಿನವೂ ಅದೇ ಪ್ರಶ್ನೆಗಳಿಗೆ ಉತ್ತರಿಸಿ ನಿಮ್ಮಿಬ್ಬರಿಗೂ ಬೇಸರವಾಗಿರುವುದು ಸಹಜ. ಯಾರು ಯಾವ ಕೆಲಸಕ್ಕೆ ಬರುತ್ತಾರೆಂಬುದನ್ನು ಮೊದಲ ದಿನವೇ ನಿಮಗೆ ತಿಳಿಸಬೇಕಾಗಿತ್ತು. ಆದರೆ ಪ್ರಶ್ನೆ ಒಂದೇ ಆದರೂ ಅವರೆಲ್ಲ ಹುಡುಕುವುದು ಒಂದನ್ನೇ ಅಲ್ಲ.

ರೋಗವನ್ನು ಗುರುತಿಸಿ ಔಷಧಿಯನ್ನು ನಿರ್ಧರಿಸುವವರು ಮನೋವೈದ್ಯರು, ನಿಜ. ಆದರೆ ನಿಮ್ಮ ತಮ್ಮ ರಾತ್ರಿ ಎರಡು ಗಂಟೆಗೆ ಮಲಗಿದ್ದರೇ, ವಾರ್ಡಿನಲ್ಲಿ ಓಡಾಡುತ್ತಿದ್ದರೇ, ಮಾತ್ರೆಯನ್ನು ನುಂಗಿದರೇ ಅಥವಾ ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಉಗುಳಿದರೇ ಎಂಬುದನ್ನು ಕಾಣುವವರು ಶುಶ್ರೂಷಕರು. ಅವರು ಬರೆದಿಟ್ಟದ್ದನ್ನು ಬೆಳಗಿನ ರೌಂಡ್ಸ್‌ನಲ್ಲಿ ಗಮನಿಸದಿದ್ದರೆ, ನುಂಗದ ಮಾತ್ರೆಯನ್ನು ಫಲಿಸದ ಮಾತ್ರೆಯೆಂದು ತಿಳಿದು ಪ್ರಮಾಣ ಹೆಚ್ಚಿಸುವ ಅಪಾಯವಿರುತ್ತದೆ.

ನೀವು ಬರೆದಿರುವಂಥ ಲಕ್ಷಣಗಳಿಗೆ ಕೆಲವೊಮ್ಮೆ ಮನಸ್ಸಿನ ಏರುಪೇರನ್ನು ಹತೋಟಿಗೆ ತರುವ ಲಿಥಿಯಂ ಎಂಬ ಮಾತ್ರೆ ಕೊಡುತ್ತಾರೆ. ಕೊಟ್ಟಿದ್ದರೆ, ಕೊನೆಯ ಮಾತ್ರೆ ತೆಗೆದುಕೊಂಡ ಸುಮಾರು 12 ಗಂಟೆಗಳ ನಂತರ ರಕ್ತ ತೆಗೆದು ಅದರ ಮಟ್ಟವನ್ನು ನೋಡಬೇಕಾಗುತ್ತದೆ. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಗಳೂ ಬೇಕು. ಬಿಸಿಲಿನಲ್ಲಿ ದುಡಿದು ಬೆವರಿ ಸಾಕಷ್ಟು ನೀರು ಕುಡಿಯದಿದ್ದರೆ, ಮೈಕೈ ನೋವಿಗೆಂದು ಅಂಗಡಿಯಿಂದ ಐಬುಪ್ರೊಫೇನ್ ಅಥವಾ ಡೈಕ್ಲೊಫೆನಾಕ್ ತಂದು ನುಂಗಿದರೆ ಆ ಮಟ್ಟ ಅಪಾಯಕ್ಕೇರಬಹುದು. ತೋಟದ ಕೆಲಸದ ಬಗ್ಗೆ ಅಷ್ಟು ವಿಚಾರಿಸುವುದಕ್ಕೆ ಇದೂ ಒಂದು ಕಾರಣ.

ಮರುಕಳಿಸುವ ಮುನ್ಸೂಚನೆಗಳನ್ನು ರೋಗಿಯೇ ಗುರುತಿಸಿಕೊಳ್ಳುವಂತೆ ತರಬೇತಿ ಕೊಡುವವರು ಮನಶ್ಶಾಸ್ತ್ರಜ್ಞರು. ಸಾಲದ ಗತಿಯೇನು, ಮನೆಯಲ್ಲಿ ಜೊತೆಗಿರುವವರು ಯಾರು, ತೋಟದ ಮಾಲೀಕರು ಕೆಲಸಕ್ಕೆ ಮತ್ತೆ ಕರೆಯುತ್ತಾರೆಯೇ ಎಂಬುದನ್ನು ಸಮಾಜ ಕಾರ್ಯಕರ್ತರು ನೋಡುತ್ತಾರೆ. ಇವರ ಮಾತನ್ನು ಹಗುರವಾಗಿ ಕಾಣಬೇಡಿ. ವಾರ್ಡಿನಲ್ಲಿ ಚೇತರಿಸಿಕೊಂಡವರು ಸಾಲ ಕೊಟ್ಟವರ ಕಾಟಕ್ಕೆ ನಿದ್ದೆಗೆಟ್ಟು ಮತ್ತೆ ಕಾಯಿಲೆ ಬೀಳುವುದುಂಟು.

ಬಿಡುಗಡೆಗೆ ಮೊದಲು ಇವರೆಲ್ಲರೂ ನಿಮ್ಮೊಡನೆ ಒಟ್ಟಿಗೆ ಕುಳಿತು ಮಾತನಾಡಬೇಕೆಂದು ಕೇಳಿ; ನಿಮ್ಮ ತಮ್ಮನೂ ಅಲ್ಲಿರಲಿ. ಇದು ನೀವು ಬೇಡುವ ಉಪಕಾರವಲ್ಲ. ಬಿಡುಗಡೆಯ ನಂತರದ ಚಿಕಿತ್ಸೆಯ ಬಗ್ಗೆ ಮನೋವೈದ್ಯರು ರೋಗಿಯೊಡನೆ ಮತ್ತು ಆರೈಕೆ ಮಾಡುವವರೊಡನೆ ಸಮಾಲೋಚಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಮಾತ್ರೆಯ ಹೆಸರು ಮತ್ತು ವೇಳೆ, ಮುಂದಿನ ರಕ್ತಪರೀಕ್ಷೆಯ ದಿನಾಂಕ, ಕಳೆ ಕತ್ತರಿಸುವ ಯಂತ್ರವನ್ನು ಯಾವಾಗಿನಿಂದ ಹಿಡಿಯಬಹುದು, ಎಷ್ಟು ರಾತ್ರಿ ನಿದ್ದೆಗೆಟ್ಟರೆ ಕೂಡಲೇ ಆಸ್ಪತ್ರೆಗೆ ಬರಬೇಕು ಎಂಬುದನ್ನು ಕನ್ನಡದಲ್ಲಿಯೇ ಬರೆಸಿಕೊಳ್ಳಿ. ನಡುವೆ ಸಂದೇಹ ಬಂದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.