ಮಡಕೆಯಲ್ಲಿ ಸಿಕ್ಕ ಬೆಳ್ಳಿ ನಾಣ್ಯ ಯಾವ ಕಾಲದ್ದು?

ಅಣ್ಣ, ತೋಟದಲ್ಲಿ ಪೈಪಿಗೆ ಅಗೆಯುವಾಗ ಮಡಕೆ ಸಿಕ್ಕಿತು, ಒಳಗಿನ ಬೆಳ್ಳಿ ನಾಣ್ಯಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಲಾ ಅಂತ ಫೋಟೋ ಹಾಕಿ ಕೇಳಿದ್ದೀರಿ. ದಯವಿಟ್ಟು ಬೇಡ. ಅಕ್ಷರ ಸವೆದರೆ ಓದೋಕೆ ಏನೂ ಉಳಿಯಲ್ಲ. ಮಡಕೆಯ ಚೂರನ್ನೂ ಎಸೆಯಬೇಡಿ.

ಮೂರನೇ ಫೋಟೋ ಚೆನ್ನಾಗಿ ಬಂದಿದೆ. ಹಿಂಬದಿಯಲ್ಲಿ ಕುರ್ಚಿ ಮೇಲೆ ಕೂತ ಹೆಂಗಸು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ರೆಂಬೆ. ಅಕ್ಕಪಕ್ಕ ‘ಪೊಂಟಿಫ್ ಮ್ಯಾಕ್ಸಿಮ್’, ಅಂದರೆ ‘ಪ್ರಧಾನ ಪುರೋಹಿತ’ ಅನ್ನೋ ಬಿರುದು. ಇದು ರೋಮಿನ ಟೈಬೀರಿಯಸ್ ಚಕ್ರವರ್ತಿಯ ದಿನಾರಿಯಸ್ ಅನ್ನೋ ಬೆಳ್ಳಿ ನಾಣ್ಯ, ಕ್ರಿ.ಶ. 14ರಿಂದ 37ರ ನಡುವಿನದು. ಇದೇ ಚಿತ್ರವನ್ನು ವರ್ಷಗಟ್ಟಲೆ ಅಚ್ಚು ಹಾಕಿದ್ದಾರೆ, ಇಸವಿ ಹಾಕಿಲ್ಲ. ಹೆಚ್ಚು ಅಂದರೆ ಕುರ್ಚಿಯ ಕಾಲು ನೋಡಿ, ಬೋಳಾಗಿದೆಯೋ ಕೆತ್ತನೆ ಇದೆಯೋ ಅಂತ ಗುಂಪು ಮಾಡಬಹುದು. ತಮಾಷೆ ಅಲ್ಲ, ತಿಳಿದವರು ನಿಜಕ್ಕೂ ಹಾಗೇ ಮಾಡುತ್ತಾರೆ.

ಆರನೆಯದರಲ್ಲಿ ಇಬ್ಬರು ನಿಂತಿದ್ದಾರೆ, ನಡುವೆ ಗುರಾಣಿ, ಈಟಿ. ಅವರು ಟೈಬೀರಿಯಸ್‌ಗಿಂತ ಮುಂಚಿನ ಚಕ್ರವರ್ತಿ ಅಗಸ್ಟಸ್‌ನ ಮೊಮ್ಮಕ್ಕಳು ಗಾಯಸ್, ಲೂಸಿಯಸ್. ಕ್ರಿ.ಪೂ. 2ರಿಂದ ಕ್ರಿ.ಶ. 4ರ ಹೊತ್ತಿಗೆ ಈಗಿನ ಫ್ರಾನ್ಸಿನ ಲಿಯೋನ್‌ನಲ್ಲಿ ಅಚ್ಚಾದದ್ದು. ಓದುವಾಗ ನೆನಪಿಡಿ, ‘ಯು’ ಇರಬೇಕಾದ ಕಡೆ ‘ವಿ’ ಕೆತ್ತಿರುತ್ತಾರೆ.

ಈಗ ಮುಖ್ಯ ವಿಷಯ. ನಾಣ್ಯದ ವಯಸ್ಸು ಬೇರೆ, ಮಡಕೆ ಹೂತ ಕಾಲ ಬೇರೆ. ರಾಶಿಯಲ್ಲಿ ಎಲ್ಲಕ್ಕಿಂತ ಹೊಸ ನಾಣ್ಯ ಯಾವುದೋ, ಅದಕ್ಕಿಂತ ಮೊದಲು ಹೂತಿರಲು ಸಾಧ್ಯವಿಲ್ಲ ಅಂತ ಮಾತ್ರ ಹೇಳಬಹುದು. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ ಬೆಳ್ಳಿ ನಾಣ್ಯಗಳಲ್ಲಿ ಅಗಸ್ಟಸ್, ಟೈಬೀರಿಯಸ್ ಜೊತೆ ಆಮೇಲಿನ ಚಕ್ರವರ್ತಿ ಕ್ಲಾಡಿಯಸ್‌ನವೂ ಇದ್ದವು. ಕ್ಲಾಡಿಯಸ್ ಪಟ್ಟಕ್ಕೆ ಬಂದದ್ದು ಕ್ರಿ.ಶ. 41ರಲ್ಲಿ, ಹಾಗಾಗಿ ಆ ರಾಶಿ ಅದಾದ ಮೇಲಿನದು. ಎಷ್ಟು ಮೇಲೆ ಅನ್ನೋದು ಬೇರೆ ಮಾತು. ಕ್ರಿ.ಶ. 64ರಲ್ಲಿ ಮುಂದಿನ ಚಕ್ರವರ್ತಿ ನೀರೋ ದಿನಾರಿಯಸ್‌ನ ತೂಕ, ಬೆಳ್ಳಿ ಎರಡನ್ನೂ ಇಳಿಸಿದ. ಒಳ್ಳೆ ಬೆಳ್ಳಿ ಸಿಗುವಾಗ ಹೊಸದನ್ನು ಯಾರು ಕೇಳುತ್ತಾರೆ, ಅಲ್ವಾ? ಹಳೆಯವನ್ನೇ ಜನ ಬಹಳ ಕಾಲ ಕೂಡಿಟ್ಟುಕೊಂಡಿರಬಹುದು.

ಸುಮ್ನೆ ಒಂದೊಂದನ್ನೂ ತೂಗಿ ಬರೆದಿಡಿ. ಮೂರೂವರೆಯಿಂದ ನಾಲ್ಕು ಗ್ರಾಂ ಒಳಗೆ ಬಂದರೆ ಸರಿ. ಅಂಚಿನ ಸುತ್ತ ಬೆಸೆದ ಗೆರೆ ಕಂಡರೆ ಅದು ಅಚ್ಚು ಹಾಕಿದ್ದಲ್ಲ, ಎರಕ ಹೊಯ್ದದ್ದು; ನಕಲಿ ಇರಬಹುದು ಅಂತ ಅನುಮಾನ ಪಡಿ.

ಮಾರೋಕೆ ಮಾತ್ರ ಹೋಗಬೇಡಿ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಅಷ್ಟರಲ್ಲಿ ಎಂಟನೆಯದರ ಹಿಂಬದಿ ಫೋಟೋ ಹಾಕಿ. ಬೆಳಕು ಪಕ್ಕದಿಂದ ಬೀಳಲಿ. ಅದು ಕ್ಲಾಡಿಯಸ್‌ನದೇನೋ ಅಂತ ನನಗೆ ಗುಮಾನಿ.