ಚೆಲ್ಲಿದ ಬ್ಯಾಟರಿ ಆ್ಯಸಿಡ್ ತಾನಾಗಿ ಒಣಗುವುದಿಲ್ಲ

ಪ್ರಶ್ನೆ: ನಮ್ಮ ಕಾರಿನ ಬ್ಯಾಟರಿಗೆ ಮೂರು ವರ್ಷವಾಗಿದೆ. ಕಳೆದ ತಿಂಗಳು ಮೈಸೂರಿಗೆ ಹೊರಡುವ ಹಿಂದಿನ ದಿನ ಅದಕ್ಕೆ ಕಂಠಮಟ್ಟ ಡಿಸ್ಟಿಲ್ಡ್ ವಾಟರ್ ಹಾಕಿಸಿದ್ದೆವು. ಊರಿಗೆ ಮರಳಿ ಬಾನೆಟ್ ಎತ್ತಿದಾಗ ಬ್ಯಾಟರಿಯ ಮೇಲೆಲ್ಲ ತೇವವಿತ್ತು, ಟರ್ಮಿನಲ್‌ಗಳಿಗೆ ಬಿಳಿ-ಹಸಿರು ಪುಡಿ ಹತ್ತಿತ್ತು, ಕೆಳಗಿನ ಟ್ರೇಯ ಬಣ್ಣ ಗುಳ್ಳೆ ಎದ್ದಿತ್ತು. ‘ನೀರು ಹೊಡೆದು ಒಣಗಲು ಬಿಡಿ, ಸೋರಿದಷ್ಟು ಆ್ಯಸಿಡ್ ತುಂಬಿದರಾಯಿತು’ ಎಂದರು ಗ್ಯಾರೇಜಿನವರು. ಇಷ್ಟು ಸಾಕೆ? ಹಾನಿಯಾಗಿದೆಯೇ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ರಾಯಚೂರು

ಉತ್ತರ: ಸಾಲದು. ಬ್ಯಾಟರಿಯೊಳಗಿರುವುದು ಗಂಧಕಾಮ್ಲ ಮತ್ತು ನೀರಿನ ಮಿಶ್ರಣ. ಪೂರ್ತಿ ಚಾರ್ಜ್ ಆಗಿದ್ದಾಗ ಅದರ ತೂಕದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಆಮ್ಲವೇ ಇರುತ್ತದೆ. ಹೊರಗೆ ಚೆಲ್ಲಿದಾಗ ಆರಿಹೋಗುವುದು ನೀರು ಮಾತ್ರ. ಆಮ್ಲ ಬಿದ್ದಲ್ಲೇ ಉಳಿದು ಇನ್ನಷ್ಟು ತೀಕ್ಷ್ಣವಾಗುತ್ತದೆ, ಮಳೆಗಾಲದ ಗಾಳಿಯಿಂದ ತೇವ ಎಳೆದುಕೊಂಡು ತಗಡನ್ನು ತಿನ್ನುತ್ತಲೇ ಇರುತ್ತದೆ. ಅರೆಬರೆ ನೀರು ಹೊಡೆದರೆ ಅದು ಕೈಗೆಟುಕದ ಸಂದಿಗಳಿಗೆ ಇಳಿಯುತ್ತದೆ, ಅಷ್ಟೆ.

ಇದಕ್ಕೆ ಮದ್ದು ಅಡುಗೆ ಸೋಡ. ರಬ್ಬರ್ ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಎಂಜಿನ್ ನಿಲ್ಲಿಸಿ, ಮೊದಲು ನೆಗೆಟಿವ್ ತಂತಿಯನ್ನೂ ಆಮೇಲೆ ಪಾಸಿಟಿವ್ ತಂತಿಯನ್ನೂ ಬಿಚ್ಚಿರಿ. ಮರಳಿ ಜೋಡಿಸುವಾಗ ಈ ಕ್ರಮ ತಿರುಗುಮುರುಗಾಗಬೇಕು. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಹತ್ತಿರದಲ್ಲಿ ಬೀಡಿ, ಬೆಂಕಿಕಡ್ಡಿ ಕೂಡದು. ಒಂದು ಲೀಟರ್ ನೀರಿಗೆ ನಾಲ್ಕೈದು ದೊಡ್ಡ ಚಮಚ ಸೋಡ ಕಲಸಿ, ಸೆಲ್‌ಗಳ ಮುಚ್ಚಳಗಳೆಲ್ಲ ಬಿಗಿಯಾಗಿವೆಯೇ ಎಂದು ನೋಡಿಕೊಂಡು, ಹಳೆಯ ಬ್ರಷ್ಷಿನಿಂದ ಸವರಿರಿ. ಒಂದು ಹನಿ ಸೋಡ ಒಳಗೆ ಹೋದರೂ ಅದು ಬ್ಯಾಟರಿಯ ಆಮ್ಲವನ್ನೇ ಕೆಡಿಸುತ್ತದೆ. ಆಮ್ಲವಿದ್ದಲ್ಲಿ ಸೊರ್ರೆಂದು ನೊರೆ ಏಳುತ್ತದೆ. ಹೊಸದಾಗಿ ಸೋಡ ಸುರಿದರೂ ನೊರೆ ಬಾರದಿದ್ದರೆ ಅಲ್ಲಿಗೆ ಆಮ್ಲ ತೀರಿತೆಂದು ತಿಳಿದು, ಆಮೇಲೆ ಧಾರಾಳವಾಗಿ ನೀರು ಬಿಟ್ಟು ತೊಳೆಯಿರಿ. ಅನುಮಾನ ಉಳಿದರೆ ಕೆಂಪು ದಾಸವಾಳದ ಎಸಳನ್ನು ಬಿಳಿ ಕಾಗದಕ್ಕೆ ಉಜ್ಜಿ, ಟ್ರೇಯ ಮೂಲೆಯಲ್ಲಿ ನಿಂತ ನೀರಿಗೆ ತಾಗಿಸಿರಿ. ಕಾಗದ ಗುಲಾಬಿಗೆ ತಿರುಗಿದರೆ ಆಮ್ಲ ಇನ್ನೂ ಇದೆ, ಹಸಿರಾದರೆ ಉಳಿದಿರುವುದು ಸೋಡ. ಶಾಲೆಯ ವಿಜ್ಞಾನದ ಪಾಠ ಬಾನೆಟ್ಟಿನ ಕೆಳಗೂ ಉಪಯೋಗಕ್ಕೆ ಬರುತ್ತದೆ! ಮೈಗೆ ಆ್ಯಸಿಡ್ ಸಿಡಿದರೆ ಮಾತ್ರ ಸೋಡ ಬೇಡ, ಹರಿಯುವ ನೀರೇ ಸರಿ. ಕಣ್ಣಿಗೆ ಸಿಡಿದರೆ ಹದಿನೈದು ಇಪ್ಪತ್ತು ನಿಮಿಷ ಬಿಡದೆ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಹಾನಿಯನ್ನು ನೋಡುವುದಕ್ಕೆ ಬ್ಯಾಟರಿಯನ್ನು ಹೊರಗೆ ತೆಗೆಯಲೇಬೇಕು. ಅದನ್ನು ಒರೆಸಿ, ಹಲಗೆಯ ಮೇಲೆ ಹಳೆಯ ಪತ್ರಿಕೆ ಹಾಸಿ, ಒಂದು ರಾತ್ರಿ ನಿಲ್ಲಿಸಿರಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಅಥವಾ ಕಂದಾಗಿ ಮುಟ್ಟಿದರೆ ಪುಡಿಯಾಗುತ್ತಿದ್ದರೆ ಪೆಟ್ಟಿಗೆ ಬಿರುಕು ಬಿಟ್ಟಿದೆಯೆಂದೇ ಅರ್ಥ. ಅಂಟು ಹಚ್ಚಿ ಅದನ್ನು ಉಳಿಸಿಕೊಳ್ಳುವ ಪ್ರಯತ್ನ ಬೇಡ. ಗುಳ್ಳೆಯೆದ್ದ ಬಣ್ಣವನ್ನು ಕೆರೆದು ಟ್ರೇಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿರಿ. ತಗಡು ಗಟ್ಟಿಯಾಗಿದ್ದರೆ ಉಜ್ಜಿ ರೆಡ್ ಆಕ್ಸೈಡ್ ಮತ್ತು ಬಣ್ಣ ಬಳಿದರೆ ಸಾಕು. ಪದರ ಪದರವಾಗಿ ಎದ್ದುಬಂದರೆ ಟ್ರೇ ಬದಲಿಸಬೇಕು. ಆ ಕೆಳಗೆ ಬ್ರೇಕಿನ ಅಥವಾ ಎ.ಸಿ.ಯ ಪೈಪು ಹಾದುಹೋಗಿದ್ದರೆ ಟಾರ್ಚ್ ಹಿಡಿದು ಅದನ್ನೂ ನೋಡಿರಿ, ಬ್ರೇಕ್ ಪೈಪಿನ ಮೇಲೆ ಕುಳಿ ಕಂಡರೆ ಗಾಡಿಯನ್ನು ಓಡಿಸಬೇಡಿ. ನೀವು ಕಂಡ ಹಸಿರು, ತಂತಿಯ ತಾಮ್ರವನ್ನು ಆಮ್ಲ ತಿಂದದ್ದರ ಗುರುತು. ಟರ್ಮಿನಲ್ ಬಳಿಯ ತಂತಿಯನ್ನು ಮೆಲ್ಲಗೆ ಬಾಗಿಸಿದಾಗ ಪ್ಲಾಸ್ಟಿಕ್ ಹೊದಿಕೆಯೊಳಗೆ ಕರಕರ ಎಂದರೆ ಎಳೆಗಳು ಪುಡಿಯಾಗಿವೆ. ಮೇಲೆ ಎಷ್ಟೇ ಉಜ್ಜಿದರೂ ಪ್ರಯೋಜನವಿಲ್ಲ, ತಂತಿಯನ್ನೇ ಬದಲಿಸಬೇಕು.

ಆದರೆ ಆ್ಯಸಿಡ್ ಹೊರಗೆ ಬಂದದ್ದೇಕೆ ಎಂಬುದನ್ನು ಕಂಡುಹಿಡಿಯದಿದ್ದರೆ ಮುಂದಿನ ತಿಂಗಳು ಇದೇ ಕೆಲಸ ಮತ್ತೆ ಕಾದಿರುತ್ತದೆ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ‘ಕಂಠಮಟ್ಟ’ ಎಂಬ ಮಾತು. ಚಾರ್ಜ್ ಆಗುವಾಗ ಒಳಗಿನ ದ್ರವ ಬಿಸಿಯಾಗಿ ಹಿಗ್ಗುತ್ತದೆ, ಗುಳ್ಳೆಗಳು ಅದನ್ನು ಮೇಲಕ್ಕೆ ತಳ್ಳುತ್ತವೆ. ಜಾಗವಿಲ್ಲದಿದ್ದರೆ ಮುಚ್ಚಳದ ರಂಧ್ರದಿಂದ ಉಕ್ಕದೆ ಇನ್ನೇನಾದೀತು? ನೀರು ಮೇಲಿನ ಗೆರೆಯನ್ನು ದಾಟಬಾರದು. ಇನ್ನೊಂದು ಕಾರಣವೂ ಇರಬಹುದು: ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರ್ ಹಚ್ಚಿದರೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸಬೇಕು. 15 ದಾಟಿದರೆ, ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ.

ಸೋರಿದಷ್ಟು ಆ್ಯಸಿಡ್ ತುಂಬಿಸುವ ಸಲಹೆಯನ್ನು, ಅಳತೆಯಿಲ್ಲದೆ, ಒಪ್ಪಬೇಡಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಆರೂ ಸೆಲ್‌ಗಳಿಗೆ ಹೈಡ್ರೋಮೀಟರ್ (ದ್ರವ ನೀರಿಗಿಂತ ಎಷ್ಟು ಪಟ್ಟು ಸಾಂದ್ರವೆಂದು ತೋರಿಸುವ ಸಾಧನ) ಇಳಿಸಿ ನೋಡಲು ಹೇಳಿರಿ. ಎಲ್ಲವೂ 1.250ರಿಂದ 1.280ರೊಳಗಿದ್ದರೆ ಏನೂ ಹಾಕಬೇಕಿಲ್ಲ. ಒಂದೇ ಸೆಲ್ ಉಳಿದವುಗಳಿಗಿಂತ 0.050ರಷ್ಟು ಕೆಳಗಿದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿಯುತ್ತ ಬಂದಿದೆ. ಹಾಗಾದಾಗ ಹಳೆಯದನ್ನು ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಕೊಡಿ. ಬೆಲೆಯಲ್ಲಿ ಒಂದಿಷ್ಟು ಕಡಿತವೂ ಸಿಗುತ್ತದೆ. ಒಯ್ಯುವಾಗ ಪ್ಲಾಸ್ಟಿಕ್ ಟಬ್ಬಿನಲ್ಲಿ ನೆಟ್ಟಗೆ ನಿಲ್ಲಿಸಿರಿ, ಡಿಕ್ಕಿಯ ಕಾರ್ಪೆಟ್ಟಿನ ಮೇಲೆ ಮಲಗಿಸಬೇಡಿ.